ಆಸ್ಪತ್ರೆಯ ಹಾಸಿಗೆಗೆ ವಿಮೆ ಉಂಟು, ಮಗುವಿನ ಕಲಿಕೆಗೆ ಏನುಂಟು?
ಆಟಿಸಂ ಮಕ್ಕಳ ಥೆರಪಿ: ಸಿಂಧನೂರು, ಲಿಂಗಸುಗೂರು, ಮಸ್ಕಿ ಪಾಲಕರ ಮುಂದಿರುವ ಲೆಕ್ಕ

ಸಿಂಧನೂರು: ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರನ್ನು ಭತ್ತದ ಕಣಜವನ್ನಾಗಿ ಮಾಡಿತು. ಹಟ್ಟಿಯ ಚಿನ್ನದ ಗಣಿ ಲಿಂಗಸುಗೂರು ತಾಲ್ಲೂಕಿಗೆ ಹೆಸರು ತಂದಿತು. 1915ರಲ್ಲಿ ಪತ್ತೆಯಾದ ಅಶೋಕನ ಶಿಲಾಶಾಸನ ಮಸ್ಕಿಯನ್ನು ಇತಿಹಾಸದ ಪುಸ್ತಕಗಳಿಗೆ ಸೇರಿಸಿತು. ಆದರೆ ಈ ಮೂರು ತಾಲ್ಲೂಕುಗಳಲ್ಲಿ ಹೆಸರು ಹಿಡಿದು ಕರೆದರೂ ತಿರುಗಿ ನೋಡದ, ಮೂರು ವರ್ಷ ತುಂಬಿದರೂ ಮಾತು ಬಾರದ ಮಗುವನ್ನು ಹೊತ್ತ ತಾಯಿ ಕೇಳುವ ಎರಡು ಪ್ರಶ್ನೆಗಳಿಗೆ ಇಂದಿಗೂ ನೇರ ಉತ್ತರ ದೊರೆಯುವುದಿಲ್ಲ. ಚಿಕಿತ್ಸೆ ಎಲ್ಲಿ? ಅದರ ಖರ್ಚು ಯಾರು ಕೊಡುತ್ತಾರೆ?

ಎರಡನೆಯ ಪ್ರಶ್ನೆಗೆ ಹಲವರು ನೀಡುವ ಉತ್ತರ 'ವಿಮೆ'. ಆರೋಗ್ಯ ಕಾರ್ಡ್ ಇದೆಯಲ್ಲ, ಪಾಲಿಸಿ ಇದೆಯಲ್ಲ ಎಂಬ ಭರವಸೆ ಬಹಳ ಮನೆಗಳಲ್ಲಿದೆ. ಆದರೆ ಆಟಿಸಂ ಅಥವಾ ಸ್ವಲೀನತೆಯ ವಿಷಯದಲ್ಲಿ ಈ ಭರವಸೆ ಅರ್ಧ ಮಾತ್ರ ನಿಜ. ನಮ್ಮಲ್ಲಿನ ಆರೋಗ್ಯ ವಿಮೆ ಆಸ್ಪತ್ರೆಯ ಹಾಸಿಗೆಯನ್ನು ಕೇಂದ್ರದಲ್ಲಿಟ್ಟುಕೊಂಡು ಬೆಳೆದದ್ದು. ಆಟಿಸಂ ಇರುವ ಮಗುವಿಗೆ ಹಾಸಿಗೆ ಬೇಕಿಲ್ಲ. ವಾರಕ್ಕೆ ಕೆಲವು ಗಂಟೆ, ವರ್ಷಗಳ ಕಾಲ, ಎದುರಿಗೆ ಕುಳಿತು ಕಲಿಸುವ ತಜ್ಞರು ಬೇಕು. ಈ ಎರಡರ ನಡುವಿನ ಕಂದಕವೇ ಪಾಲಕರ ಜೇಬಿಗೆ ಬೀಳುತ್ತಿರುವ ಹೊರೆ.

ಏನಿದು ಆಟಿಸಂ?

ಆಟಿಸಂ ರೋಗವಲ್ಲ, ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆ. ಮಾತು ಮತ್ತು ಸಂವಹನದಲ್ಲಿ ಹಿನ್ನಡೆ, ಇತರರೊಂದಿಗೆ ಬೆರೆಯುವುದರಲ್ಲಿ ತೊಡಕು, ಒಂದೇ ಚಟುವಟಿಕೆಯ ಪುನರಾವರ್ತನೆ, ಶಬ್ದ ಅಥವಾ ಸ್ಪರ್ಶಕ್ಕೆ ಅತಿಯಾದ ಪ್ರತಿಕ್ರಿಯೆ ಇದರ ಸಾಮಾನ್ಯ ಲಕ್ಷಣಗಳು. ಎಲ್ಲ ಮಕ್ಕಳಲ್ಲಿಯೂ ಒಂದೇ ರೀತಿ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 127 ಜನರಲ್ಲಿ ಒಬ್ಬರು ಆಟಿಸಂ ಉಳ್ಳವರು. ಇದನ್ನು ಪೂರ್ಣವಾಗಿ 'ಗುಣಪಡಿಸುವ' ಔಷಧವಿಲ್ಲ. ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ, ವರ್ತನಾ ತರಬೇತಿ ಮತ್ತು ವಿಶೇಷ ಶಿಕ್ಷಣವನ್ನು ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು ಎಂಬುದು ತಜ್ಞರ ಒಮ್ಮತದ ಅಭಿಪ್ರಾಯ.

ಈ 'ಬೇಗ' ಎಂಬ ಮಾತೇ ಹಳ್ಳಿಗಾಡಿನಲ್ಲಿ ಮೊದಲು ಸೋಲುತ್ತದೆ. "ಹುಡುಗ ತಡವಾಗಿ ಮಾತಾಡ್ತಾನ ಬಿಡವ್ವ, ಅವರಪ್ಪನೂ ಹಂಗ ಇದ್ದ" ಎಂದು ಸಮಾಧಾನ ಹೇಳುವ ಹಿರಿಯರು ಎಲ್ಲ ಮನೆಗಳಲ್ಲಿದ್ದಾರೆ. ಅದರಲ್ಲಿ ಕೆಟ್ಟ ಉದ್ದೇಶವೇನೂ ಇಲ್ಲ. ಆದರೆ ಆ ಸಮಾಧಾನದಲ್ಲಿ ಮಗುವಿನ ಅಮೂಲ್ಯವಾದ ಒಂದೆರಡು ವರ್ಷ ಕಳೆದುಹೋಗುತ್ತದೆ.

ಕಾನೂನೂ ತಡವಾಗಿಯೇ ಎಚ್ಚೆತ್ತಿತು. 1995ರ ಅಂಗವಿಕಲರ ಕಾಯ್ದೆಯ ಏಳು ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ, ಅಂದರೆ ನ್ಯಾಷನಲ್ ಟ್ರಸ್ಟ್ ಕಾಯ್ದೆ, ಅದನ್ನು ಮೊದಲ ಬಾರಿಗೆ ಹೆಸರಿಸಿ ಗುರುತಿಸಿತು. 2016ರಲ್ಲಿ ಅಂಗೀಕಾರಗೊಂಡು 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಕಾಯ್ದೆ 21 ವೈಕಲ್ಯಗಳಲ್ಲಿ ಆಟಿಸಂ ಅನ್ನೂ ಸೇರಿಸಿತು. ಅದೇ ಕಾಯ್ದೆಯ 25ನೇ ಕಲಂ ಅಂಗವಿಕಲರಿಗೆ, ವಿಶೇಷವಾಗಿ ಗ್ರಾಮೀಣ ಪ್ರದೇಶದಲ್ಲಿ, ವಾಸಸ್ಥಳದ ಸಮೀಪದಲ್ಲಿಯೇ ಉಚಿತ ಆರೋಗ್ಯ ಸೇವೆ ಒದಗಿಸಬೇಕೆನ್ನುತ್ತದೆ. ಕುಟುಂಬದ ಆದಾಯಮಿತಿಯನ್ನು ಸರಕಾರ ನಿಗದಿಪಡಿಸಬಹುದು. 'ಸಮೀಪದಲ್ಲಿಯೇ' ಎಂಬ ಈ ಪದವನ್ನು ಮುಂದೆ ಮತ್ತೊಮ್ಮೆ ನೆನಪಿಸಿಕೊಳ್ಳಬೇಕಾಗುತ್ತದೆ.

ಪಾಲಿಸಿಯಲ್ಲಿ ಇರುವುದೇನು, ಇಲ್ಲದ್ದೇನು?

ಸಾಮಾನ್ಯ ಆರೋಗ್ಯ ವಿಮಾ ಪಾಲಿಸಿಯ ಮೂಲ ಷರತ್ತು ಆಸ್ಪತ್ರೆ ದಾಖಲಾತಿ. ಪಟ್ಟಿ ಮಾಡಿದ ಕೆಲವು ಡೇ ಕೇರ್ ಚಿಕಿತ್ಸೆಗಳನ್ನು ಬಿಟ್ಟರೆ ಕನಿಷ್ಠ 24 ಗಂಟೆ ಒಳರೋಗಿಯಾಗಿ ದಾಖಲಾದಾಗ ಮಾತ್ರ ಕ್ಲೇಮ್ ಹುಟ್ಟುತ್ತದೆ. ಥೆರಪಿ ಎಂಬುದು ಹೊರರೋಗಿ ಸೇವೆ. ಮಗು ಬರುತ್ತದೆ, ಮುಕ್ಕಾಲು ಗಂಟೆ ಕಲಿಯುತ್ತದೆ, ಮನೆಗೆ ಹೋಗುತ್ತದೆ. ವಿಮಾ ಕಂಪನಿಯ ಪುಸ್ತಕದಲ್ಲಿ ಇದು ಚಿಕಿತ್ಸೆಯ ಸಾಲಿನಲ್ಲಿ ನಿಲ್ಲುವುದೇ ಇಲ್ಲ. ಹೊರರೋಗಿ ವೆಚ್ಚ ಭರಿಸುವ ಹೆಚ್ಚುವರಿ ಸೌಲಭ್ಯವಿರುವ ಪಾಲಿಸಿಗಳು ಮಾರುಕಟ್ಟೆಯಲ್ಲಿವೆಯಾದರೂ ಅವುಗಳ ಕಂತು ಹೆಚ್ಚು, ಮಿತಿ ಕಡಿಮೆ. ಅದರಲ್ಲಿ ಥೆರಪಿ ಸೇರಿದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳುವುದು ಒಳಿತು.

ನಿಯಮಗಳು ಸುಧಾರಿಸಿಲ್ಲವೆಂದಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು, ಮಾನಸಿಕ ಅಸ್ವಸ್ಥತೆಯ ಜೊತೆಗೆ ವರ್ತನೆ ಹಾಗೂ ನರವಿಕಾಸ ಸಂಬಂಧಿ ತೊಂದರೆಗಳ ಪೈಕಿ ಮಾತು ಮತ್ತು ಭಾಷೆಯ ದೋಷಗಳನ್ನೂ ಪಾಲಿಸಿಯಿಂದ ಹೊರಗಿಡುವಂತಿಲ್ಲ ಎಂದಿತು. 2023ರ ಫೆಬ್ರುವರಿ 27ರ ಸುತ್ತೋಲೆಯು ಅಂಗವಿಕಲರು, ಎಚ್‌ಐವಿ ಸೋಂಕಿತರು ಹಾಗೂ ಮಾನಸಿಕ ಅಸ್ವಸ್ಥರಿಗಾಗಿ ಪ್ರತಿಯೊಂದು ಸಾಮಾನ್ಯ ವಿಮಾ ಮತ್ತು ಆರೋಗ್ಯ ವಿಮಾ ಕಂಪನಿಯೂ ಒಂದು ಪಾಲಿಸಿಯನ್ನು ಹೊಂದಿರಲೇಬೇಕೆಂದು ಕಡ್ಡಾಯಗೊಳಿಸಿತು. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿ 48 ತಿಂಗಳಿದ್ದದ್ದು 2024ರ ಏಪ್ರಿಲ್‌ನಿಂದ 36 ತಿಂಗಳಿಗೆ ಇಳಿಯಿತು. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಯಿತು.

ಇವೆಲ್ಲ ಸ್ವಾಗತಾರ್ಹವೇ. ಆದರೆ ಪ್ರತಿಯೊಂದೂ 'ಮಗುವಿಗೆ ಪಾಲಿಸಿ ನಿರಾಕರಿಸಬೇಡಿ' ಎನ್ನುತ್ತದೆಯೇ ಹೊರತು 'ಥೆರಪಿಯ ಹಣ ಕೊಡಿ' ಎನ್ನುವುದಿಲ್ಲ. ಮಗುವಿಗೆ ಜ್ವರ ಬಂದು, ಮೂರ್ಛೆ ಬಂದು ಆಸ್ಪತ್ರೆ ಸೇರಿದರೆ ಪಾಲಿಸಿ ನೆರವಿಗೆ ಬರಬಹುದು. ಮಾತು ಕಲಿಯಲು ಅದು ನೆರವಾಗುವುದಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಬಗ್ಗೆಯೂ ಪಾಲಕರಲ್ಲಿ ಗೊಂದಲವಿದೆ. ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಅಸ್ವಸ್ಥತೆಗೂ ವಿಮೆ ಒದಗಿಸಬೇಕೆಂದು ಅದರ 21ನೇ ಕಲಂ ಹೇಳುವುದು ನಿಜ. ಆದರೆ ಬುದ್ಧಿಮಾಂದ್ಯವನ್ನು ಆ ಕಾಯ್ದೆಯ ವ್ಯಾಖ್ಯೆಯೇ ಹೊರಗಿಡುತ್ತದೆ. ಆಟಿಸಂ ಅನ್ನು ಹೆಸರಿಸುವುದಿಲ್ಲ. ಜೊತೆಗೆ 'ದೈಹಿಕ ಕಾಯಿಲೆಗೆ ಇರುವಂತೆಯೇ' ಎಂದರೆ ಮತ್ತೆ ಹಾಸಿಗೆಯ ಷರತ್ತೇ ಬರುತ್ತದೆ. ಆದ್ದರಿಂದ ಆಟಿಸಂ ಮಕ್ಕಳ ಪಾಲಕರು ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಆಧಾರವಾಗಿ ಹಿಡಿಯುವುದೇ ಹೆಚ್ಚು ಭದ್ರ.

ಸರಕಾರಿ ಕಾರ್ಡ್‌ನ ಕಥೆಯೂ ಬೇರೆಯಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ ದೊರೆಯುತ್ತದೆ. ಹೃದಯ ಶಸ್ತ್ರಚಿಕಿತ್ಸೆ, ಕ್ಯಾನ್ಸರ್‌ನಂತಹ ಸಂದರ್ಭದಲ್ಲಿ ಇದು ಬಡವರ ಜೀವ ಉಳಿಸಿದೆ. ಆದರೆ ಪ್ಯಾಕೇಜ್‌ಗಳ ರಚನೆಯೇ ಆಸ್ಪತ್ರೆ ಚಿಕಿತ್ಸೆಯ ಸುತ್ತ ಇರುವುದರಿಂದ, ವಾರವಾರ ನಡೆಯುವ ಥೆರಪಿಗೆ ಅದನ್ನು ನೆಚ್ಚಿ ಕೂರುವಂತಿಲ್ಲ.

ನಿರಾಮಯ: ಇರುವ ಒಂದೇ ಬಾಗಿಲು

ಈ ಕತ್ತಲೆಯಲ್ಲಿ ಥೆರಪಿ ಎಂಬ ಶಬ್ದವನ್ನು ನೇರವಾಗಿ ಬರೆದುಕೊಂಡಿರುವ ಸರಕಾರಿ ವಿಮೆ ಒಂದಿದೆ. ಅದು ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಆರೋಗ್ಯ ವಿಮಾ ಯೋಜನೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಹಾಗೂ ಬಹುವಿಧ ವೈಕಲ್ಯ ಉಳ್ಳವರಿಗೆ ಮೀಸಲಾದ ಇದರಲ್ಲಿ ವರ್ಷಕ್ಕೆ 1 ಲಕ್ಷ ರೂ.ವರೆಗೆ ರಕ್ಷಣೆ ಇದೆ. ಸೇರುವ ಮೊದಲು ವೈದ್ಯಕೀಯ ಪರೀಕ್ಷೆ ಬೇಕಿಲ್ಲ. ವಯಸ್ಸಿನ ಮಿತಿ ಇಲ್ಲ. ವೈಕಲ್ಯ ಮೊದಲೇ ಇತ್ತೆಂಬ ಕಾರಣಕ್ಕೆ ನಿರಾಕರಣೆಯೂ ಇಲ್ಲ. ಯಾವುದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು. ನೋಂದಣಿ ಶುಲ್ಕ ಬಿಪಿಎಲ್ ಕುಟುಂಬಕ್ಕೆ 250 ರೂ., ಇತರರಿಗೆ 500 ರೂ. ನಂತರದ ವರ್ಷಗಳ ನವೀಕರಣಕ್ಕೆ ಕ್ರಮವಾಗಿ 50 ರೂ. ಮತ್ತು 250 ರೂ. ವಿಮಾ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ವರ್ಷದ ನಡುವೆ ಸೇರಿದರೂ ಮಾರ್ಚ್ 31ಕ್ಕೆ ಅವಧಿ ಮುಗಿಯುವುದರಿಂದ ವರ್ಷದ ಆರಂಭದಲ್ಲಿಯೇ ಸೇರುವುದು ಲಾಭ.

ಆದರೆ 1 ಲಕ್ಷ ರೂ. ಎಂಬ ದೊಡ್ಡ ಅಂಕಿಯನ್ನು ಕಂಡು ಮರುಳಾಗುವಂತಿಲ್ಲ. ಆ ಮೊತ್ತವನ್ನು ಆಸ್ಪತ್ರೆ ದಾಖಲಾತಿ, ಹೊರರೋಗಿ ಚಿಕಿತ್ಸೆ, ಥೆರಪಿ, ಪರ್ಯಾಯ ವೈದ್ಯ ಪದ್ಧತಿ, ಸಾರಿಗೆ ಎಂದು ಹಂಚಲಾಗಿದೆ. ಪರಿಷ್ಕೃತ ಪಟ್ಟಿಯಲ್ಲಿ ನಿರಂತರ ಥೆರಪಿಯ ಪಾಲು ವರ್ಷಕ್ಕೆ 20,000 ರೂ.

ಇದು ಎಷ್ಟು ದಿನಕ್ಕೆ ಸಾಕು? ಒಂದು ಸೆಷನ್‌ಗೆ 500 ರೂ. ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ವಾರಕ್ಕೆ ಮೂರು ಸೆಷನ್‌ನಂತೆ ವರ್ಷಕ್ಕೆ 156 ಸೆಷನ್, 78,000 ರೂ. ಆಗುತ್ತದೆ. ನಿರಾಮಯದ 20,000 ರೂ. 40 ಸೆಷನ್‌ಗೆ ಸಾಕಾಗುತ್ತದೆ. ಅಂದರೆ 13 ವಾರ ಮುಗಿದು 14ನೇ ವಾರಕ್ಕೆ ಕಾಲಿಡುವಷ್ಟರಲ್ಲಿ ಹಣ ಮುಗಿಯುತ್ತದೆ. ವರ್ಷದ ಉಳಿದ ಒಂಬತ್ತು ತಿಂಗಳು ಕುಟುಂಬದ ತಲೆಗೆ. ಸೆಷನ್ ದರ ಹೆಚ್ಚಿದಷ್ಟೂ ಈ ಅವಧಿ ಇನ್ನೂ ಕುಗ್ಗುತ್ತದೆ.

ಇನ್ನೊಂದು ತೊಡಕು ಹಣ ಬರುವ ರೀತಿಯಲ್ಲಿದೆ. ನಿರಾಮಯದಲ್ಲಿ ಮೊದಲು ಪಾಲಕರೇ ಹಣ ಕೊಟ್ಟು, ಬಿಲ್ ಸಲ್ಲಿಸಿ, ನಂತರ ಮರುಪಾವತಿ ಪಡೆಯಬೇಕು. ಸಂಬಳದಾರರಿಗೆ ಇದು ಸಾಧ್ಯವಾದೀತು. ದಿನಗೂಲಿಯ ಕುಟುಂಬಕ್ಕೆ ಮುಂಗಡವಾಗಿ ಕೊಡಲು ಹಣ ಎಲ್ಲಿಂದ ಬರಬೇಕು? ವೈದ್ಯರ ಸಲಹಾ ಚೀಟಿ, ದಿನಾಂಕವುಳ್ಳ ಮೂಲ ಬಿಲ್, ಥೆರಪಿಸ್ಟ್‌ನ ಸಹಿ ಮತ್ತು ನೋಂದಣಿ ಸಂಖ್ಯೆ ಇಲ್ಲದೆ ಕೊಟ್ಟ ಹಣ ಮರಳಿ ಬರುವ ಖಾತರಿ ಇಲ್ಲ. ಕಾಗದಪತ್ರವನ್ನು ಮೊದಲ ದಿನದಿಂದಲೇ ಒಂದು ಕಡತದಲ್ಲಿ ಜೋಡಿಸಿಡುವುದು ಅನಿವಾರ್ಯ.

ಮೊದಲ ಕೀಲಿಕೈ ಪ್ರಮಾಣಪತ್ರ

ನಿರಾಮಯ ಇರಲಿ, ಮಾಸಾಶನ ಇರಲಿ, ತೆರಿಗೆ ವಿನಾಯಿತಿ ಇರಲಿ, ಎಲ್ಲ ಬಾಗಿಲುಗಳ ಕೀಲಿಕೈ ಒಂದೇ: ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಅದರೊಂದಿಗೆ ಬರುವ ಯುಡಿಐಡಿ ಕಾರ್ಡ್. ಆಟಿಸಂ ಪ್ರಮಾಣವನ್ನು ಅಳೆಯಲು ಕೇಂದ್ರ ಸರಕಾರ 2016ರ ಏಪ್ರಿಲ್‌ನಲ್ಲಿ 'ಐಎಸ್‌ಎಎ' ಎಂಬ ಭಾರತೀಯ ಮಾಪನವನ್ನು ಅಧಿಸೂಚಿಸಿತು. 40 ಅಂಶಗಳ ಈ ಮಾಪನದಲ್ಲಿ ಮಗು ಪಡೆಯುವ ಅಂಕವನ್ನು ಶೇಕಡಾವಾರು ವೈಕಲ್ಯವಾಗಿ ಪರಿವರ್ತಿಸಲಾಗುತ್ತದೆ. ಅಂಕ 70 ದಾಟಿದರೆ ಆಟಿಸಂ ಇದೆ ಎಂದರ್ಥ. 106ರವರೆಗೆ ಸೌಮ್ಯ, 153ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಬಹುತೇಕ ಸೌಲಭ್ಯಗಳಿಗೆ ಕನಿಷ್ಠ ಶೇ 40 ವೈಕಲ್ಯ ಅಗತ್ಯ.

ಕಾಲು ಅಥವಾ ಕಣ್ಣಿನ ವೈಕಲ್ಯದಂತೆ ಇದು ಮೇಲ್ನೋಟಕ್ಕೆ ಕಾಣುವುದಿಲ್ಲ. ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರು, ಮಕ್ಕಳ ತಜ್ಞರು ಸೇರಿದ ಮಂಡಳಿ ಬೇಕು. ಮಗುವನ್ನು ಗಮನಿಸಲು ಸಮಯ ಬೇಕು. ಹೀಗಾಗಿ ಕುಟುಂಬ ಒಂದಕ್ಕಿಂತ ಹೆಚ್ಚು ಬಾರಿ ಜಿಲ್ಲಾ ಕೇಂದ್ರಕ್ಕೆ ಅಲೆಯಬೇಕಾಗುವ ಸಂಭವ ಹೆಚ್ಚು.

ಅರ್ಜಿ ತುಂಬುವ ಹಂತದಲ್ಲಿ ನೆರವಾಗಲು ರಾಜ್ಯದಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತ ಇರಬೇಕೆಂಬುದು ಇಲಾಖೆಯ ಯೋಜನೆ. ಜನರ ಬಾಯಲ್ಲಿ ಇವರು ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು, ಯುಆರ್‌ಡಬ್ಲ್ಯು. ಬಹುಮಟ್ಟಿಗೆ ಸ್ವತಃ ಅಂಗವಿಕಲರೇ ಆಗಿರುವ ಇವರನ್ನು ಪಾಲಕರು ಮೊದಲು ಭೇಟಿಯಾದರೆ ಅರ್ಧ ಅಲೆದಾಟ ತಪ್ಪುತ್ತದೆ.

ಚೂರುಚೂರಾದ ನೆರವು

ವಿಮೆಯ ಹೊರಗೆ ಇರುವ ನೆರವುಗಳನ್ನು ಒಟ್ಟುಗೂಡಿಸಿ ನೋಡಿದರೆ ಚಿತ್ರ ಹೀಗಿದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದ್ದರೆ ರಾಜ್ಯ ಸರಕಾರದ ಮಾಸಾಶನ ಉಂಟು. ಶೇ 40ರಿಂದ 75ರವರೆಗಿನವರಿಗೆ ಇದ್ದ 600 ರೂ. ಮೊತ್ತವನ್ನು ಬಸವರಾಜ ಬೊಮ್ಮಾಯಿ ಅವರು 2021ರ ಜುಲೈನಲ್ಲಿ ಮುಖ್ಯಮಂತ್ರಿಯಾದ ದಿನವೇ 800 ರೂ.ಗೆ ಏರಿಸಿದರು. ಮೇಲಿನ ಲೆಕ್ಕದಂತೆ 800 ರೂ. ಎಂದರೆ ತಿಂಗಳಿಗೆ ಒಂದೂವರೆ ಸೆಷನ್.

ಶಾಲೆಗೆ ಸೇರಿದ ಮಗುವಿಗೆ ಸಮಗ್ರ ಶಿಕ್ಷಾ ಯೋಜನೆಯಡಿ ವಿಶೇಷ ಅಗತ್ಯವುಳ್ಳ ಮಕ್ಕಳ ಅನುದಾನ, ಬಿಆರ್‌ಸಿ ಮಟ್ಟದ ಸಂಪನ್ಮೂಲ ಶಿಕ್ಷಕರು, ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣ ಇವೆ. ಆದಾಯ ತೆರಿಗೆ ಕಟ್ಟುವ ಪಾಲಕರು 80ಡಿಡಿ ಎಂದೇ ಪರಿಚಿತವಾದ ರಿಯಾಯಿತಿಯಲ್ಲಿ ಆದಾಯದಿಂದ 75,000 ರೂ., ಶೇ 80 ಅಥವಾ ಅದಕ್ಕಿಂತ ಹೆಚ್ಚಿನ ತೀವ್ರ ವೈಕಲ್ಯವಿದ್ದರೆ 1.25 ಲಕ್ಷ ರೂ. ಕಳೆಯಬಹುದು. ಆದರೆ ಇದು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ. ಹೊಸ ಪದ್ಧತಿಗೆ ಹೋಗುವ ಮೊದಲು ಶಿಕ್ಷಕರು, ಬ್ಯಾಂಕ್ ನೌಕರರು ಎರಡೂ ಲೆಕ್ಕ ಹಾಕಿ ನೋಡುವುದು ಜಾಣತನ. ಕೂಲಿಕಾರನಿಗೆ ಇದರಿಂದ ಬಿಡಿಗಾಸಿನ ಪ್ರಯೋಜನವೂ ಇಲ್ಲ.

ಸ್ಥಳೀಯ ಸಂಸ್ಥೆಗಳು ತಮ್ಮ ಸಂಪನ್ಮೂಲದ ಶೇ 5ರಷ್ಟನ್ನು ಅಂಗವಿಕಲರಿಗಾಗಿ ವಿನಿಯೋಗಿಸಬೇಕೆಂಬ ನಿಯಮವೂ ಇದೆ. ತ್ರಿಚಕ್ರ ವಾಹನ, ಶ್ರವಣ ಸಾಧನ ವಿತರಣೆಯ ಸಮಾರಂಭಗಳಲ್ಲಿ ಇದು ಕಣ್ಣಿಗೆ ಬೀಳುತ್ತದೆ. ಆಟಿಸಂ ಮಗುವಿಗೆ ತ್ರಿಚಕ್ರ ವಾಹನ ಬೇಕಿಲ್ಲ. ಇದೇ ನಿಧಿಯಿಂದ ಅರ್ಹ ಮಕ್ಕಳ ನಿರಾಮಯ ಶುಲ್ಕ ಭರಿಸುವುದನ್ನಾಗಲಿ, ಕಲಿಕಾ ಸಾಮಗ್ರಿ ಕೊಡಿಸುವುದನ್ನಾಗಲಿ ಪಂಚಾಯಿತಿ, ಪುರಸಭೆಗಳು ಯೋಚಿಸಬಹುದು. ಒಂದು ಮಗುವಿಗೆ 250 ರೂ. ಯಾವ ಸಂಸ್ಥೆಗೂ ಭಾರವಾಗಲಾರದು.

ದೂರದ ಬೆಲೆ

ಯಾವ ವಿಮೆಯ ಪಟ್ಟಿಯಲ್ಲಿಯೂ ಸರಿಯಾಗಿ ಕಾಣಿಸದ ಖರ್ಚು ದೂರ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಭೇಟಿ ನೀಡಿ ಮಕ್ಕಳನ್ನು ತಪಾಸಣೆ ಮಾಡಬೇಕು. ಅವು ಗುರುತಿಸಬೇಕಾದ ತೊಂದರೆಗಳಲ್ಲಿ ಆಟಿಸಂ ಕೂಡ ಒಂದು. ಗುರುತಿಸಿದ ಮಗುವನ್ನು ಕಳುಹಿಸಬೇಕಾದದ್ದು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ. ಮಕ್ಕಳ ತಜ್ಞರಿಂದ ಹಿಡಿದು ಸ್ಪೀಚ್ ಥೆರಪಿಸ್ಟ್‌ವರೆಗಿನ ತಂಡ ಅಲ್ಲಿರಬೇಕೆಂಬುದು ಯೋಜನೆಯ ಆಶಯ. ಸೇವೆ ಉಚಿತ. ಆದರೆ ಯೋಜನೆಯ ವಿನ್ಯಾಸದಲ್ಲಿಯೇ ಅದು ಜಿಲ್ಲೆಗೊಂದು. ತಾಲ್ಲೂಕಿಗಲ್ಲ.

ಮೂರೂ ಪಟ್ಟಣಗಳು ರಾಯಚೂರಿನಿಂದ 70ರಿಂದ 100 ಕಿ.ಮೀ. ಅಂತರದಲ್ಲಿವೆ. ಉದಾಹರಣೆಗೆ ಮಸ್ಕಿ ತಾಲ್ಲೂಕಿನ ಹಳ್ಳಿಯೊಂದರ ಕೂಲಿ ಕುಟುಂಬವನ್ನು ತೆಗೆದುಕೊಳ್ಳಬಹುದು. 2023ರ ಜೂನ್‌ನಲ್ಲಿ ಜಾರಿಯಾದ ಶಕ್ತಿ ಯೋಜನೆಯಿಂದ ತಾಯಿಯ ಬಸ್ ಪ್ರಯಾಣ ಉಚಿತವಾಗಿದೆ; ಇದು ಸಣ್ಣ ನೆರವಲ್ಲ. ಆದರೆ ಹೋಗಿ ಬರುವುದರಲ್ಲಿ ದಿನವೇ ಮುಗಿಯುತ್ತದೆ. 2025-26ನೇ ಸಾಲಿನ ಉದ್ಯೋಗ ಖಾತ್ರಿ ಕೂಲಿ ದರವಾದ 370 ರೂ. ಲೆಕ್ಕದಲ್ಲಿ ನೋಡಿದರೂ ವಾರಕ್ಕೆ ಮೂರು ದಿನದ ಪ್ರಯಾಣ ಎಂದರೆ 1,110 ರೂ. ಕೂಲಿ ನಷ್ಟ, ತಿಂಗಳಿಗೆ ನಾಲ್ಕು ಸಾವಿರ ರೂ.ಗೂ ಹೆಚ್ಚು. ಥೆರಪಿ ಪೂರ್ಣ ಉಚಿತವಾಗಿದ್ದರೂ ಈ ಹೊರೆ ಉಳಿಯುತ್ತದೆ. ಜನದಟ್ಟಣೆ, ಗದ್ದಲವನ್ನು ಸಹಿಸದ ಮಗುವನ್ನು ತುಂಬಿದ ಬಸ್ಸಿನಲ್ಲಿ ಗಂಟೆಗಟ್ಟಲೆ ಕರೆದೊಯ್ಯುವ ಸಂಕಟ ಬೇರೆ. ನಾಟಿ, ಕೊಯ್ಲಿನ ದಿನಗಳು ಬಂದಾಗ ಮೊದಲು ತಪ್ಪುವುದು ಮಗುವಿನ ಥೆರಪಿಯೇ.

ಇನ್ನೂ ಹೆಚ್ಚಿನ ಪರಿಣತಿ ಬೇಕೆಂದರೆ ಸಿಕಂದರಾಬಾದ್‌ನ ರಾಷ್ಟ್ರೀಯ ಬೌದ್ಧಿಕ ವಿಕಲಚೇತನರ ಸಂಸ್ಥೆ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನಲ್ಲಿ 1966ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋಗಬೇಕು. ಕೇಂದ್ರ ಸರಕಾರ 2021ರ ಜೂನ್‌ನಲ್ಲಿ ದೇಶದ 14 ಕಡೆ ಎಲ್ಲ ಬಗೆಯ ವೈಕಲ್ಯಗಳ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳನ್ನು ತೆರೆದಾಗ ಈ ಭಾಗಕ್ಕೆ ಹತ್ತಿರವೆನಿಸಿದ್ದು ಸಿಕಂದರಾಬಾದ್ ಕೇಂದ್ರವೇ. ಅಲ್ಲಿನ ಸಲಹೆ ಒಳ್ಳೆಯದೇ. ಆದರೆ ವಾರವಾರ ಹೋಗಲಾಗದು. 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ರೈಲು ಬಂದದ್ದು ಹುಬ್ಬಳ್ಳಿ, ಬೆಂಗಳೂರು ದಿಕ್ಕಿನ ಪ್ರಯಾಣವನ್ನು ಹಗುರಗೊಳಿಸಿದೆಯಾದರೂ ಮಗುವಿನ ದಿನನಿತ್ಯದ ಕಲಿಕೆ ರೈಲಿನ ವೇಳಾಪಟ್ಟಿಗೆ ಹೊಂದಿಕೊಳ್ಳುವಂಥದ್ದಲ್ಲ.

ಹತ್ತಿರದಲ್ಲಿ ಸೇವೆ ಇಲ್ಲದಾಗ ಪಾಲಕರ ಹತಾಶೆ ಕಂಡವರ ಬಲೆಗೆ ಬೀಳುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಲಕ್ಷಾಂತರ ರೂ. ಪಡೆದು ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಆಟಿಸಂ ಗುಣವಾಗುತ್ತದೆಂದು ನಂಬಿಸುವವರಿದ್ದಾರೆ. ಇಂತಹ ಚಿಕಿತ್ಸೆಯನ್ನು ಆಟಿಸಂಗೆ ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲಿಯೇ ಸ್ಪಷ್ಟಪಡಿಸಿದೆ. ಹೊಲ ಮಾರಿ ಹಣ ಹೊಂದಿಸುವ ಮೊದಲು ಪಾಲಕರು ಇದನ್ನು ಅರಿಯಬೇಕು.

ಬೇರೆಡೆ ಏನಾಯಿತು?

ಅಮೆರಿಕದಲ್ಲಿಯೂ ಒಂದು ಕಾಲಕ್ಕೆ ವಿಮಾ ಕಂಪನಿಗಳು ಆಟಿಸಂ ಥೆರಪಿಯನ್ನು 'ಇದು ಶಿಕ್ಷಣ, ಚಿಕಿತ್ಸೆಯಲ್ಲ' ಎಂದು ತಳ್ಳಿಹಾಕುತ್ತಿದ್ದವು. ಪಾಲಕರ ಒತ್ತಡಕ್ಕೆ ಮಣಿದು 2001ರಲ್ಲಿ ಇಂಡಿಯಾನಾ ರಾಜ್ಯ ವಿಮಾ ರಕ್ಷಣೆಯನ್ನು ಕಡ್ಡಾಯಗೊಳಿಸಿತು. 2019ರ ಹೊತ್ತಿಗೆ ಎಲ್ಲ 50 ರಾಜ್ಯಗಳೂ ಒಂದಲ್ಲ ಒಂದು ರೂಪದಲ್ಲಿ ಅದೇ ದಾರಿ ಹಿಡಿದವು. ಆಸ್ಟ್ರೇಲಿಯಾ ಇನ್ನೊಂದು ದಾರಿ ಆಯ್ದುಕೊಂಡು, 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಅಂಗವಿಕಲ ವಿಮಾ ಯೋಜನೆಯ ಮೂಲಕ ಸರಕಾರದ ಹಣದಿಂದಲೇ ನೆರವು ಒದಗಿಸಿತು. ಎರಡೂ ದೇಶಗಳಲ್ಲಿ ವೆಚ್ಚ ಏರಿದ ಬಗ್ಗೆ ವಾಗ್ವಾದ ನಡೆದೇ ಇದೆ. ಆದರೆ ಥೆರಪಿ ಕೂಡ ಚಿಕಿತ್ಸೆಯೇ ಎಂಬ ಮೂಲ ಪ್ರಶ್ನೆ ಅಲ್ಲಿ ಇತ್ಯರ್ಥವಾಗಿದೆ. ನಮ್ಮಲ್ಲಿ ಅದು ಇನ್ನೂ ಆಗಬೇಕಿದೆ.

ಹಾಗೆಂದು ಅಮೆರಿಕದ ಮಾದರಿಯನ್ನು ಇಲ್ಲಿಗೆ ತಂದರೆ ಸಾಕೇ? ಸಾಲದು. ಬೆಂಗಳೂರಿನ ಪಾಲಕರಿಗೆ ವಿಮೆ ಬಂದರೆ ಥೆರಪಿ ಕೇಂದ್ರ ಹತ್ತಿರದಲ್ಲಿಯೇ ಇರುತ್ತದೆ. ಲಿಂಗಸುಗೂರಿನ ಹಳ್ಳಿಯ ಪಾಲಕರ ಕೈಗೆ ವಿಮೆಯ ಕಾಗದ ಕೊಟ್ಟರೂ ಅದನ್ನು ಬಳಸಲು 90 ಕಿ.ಮೀ. ಹೋಗಬೇಕು. ಆದ್ದರಿಂದ ಈ ಭಾಗಕ್ಕೆ ವಿಮೆಗಿಂತ ಮೊದಲು ಬೇಕಾದದ್ದು ಸೇವೆ. ಕಾಯ್ದೆ ಹೇಳುವ ಅದೇ 'ಸಮೀಪದಲ್ಲಿಯೇ' ದೊರೆಯುವ ಸೇವೆ.

ಸಾಧ್ಯವಿರುವ ದಾರಿ

ಸ್ಪೀಚ್ ಥೆರಪಿಸ್ಟ್‌ಗಳು ತಾಲ್ಲೂಕು ಕೇಂದ್ರಕ್ಕೆ ಬರುವುದಿಲ್ಲ, ಬಂದರೂ ಉಳಿಯುವುದಿಲ್ಲ ಎಂಬ ಆಕ್ಷೇಪ ಸಹಜ. ಅದರಲ್ಲಿ ಸತ್ಯವೂ ಇದೆ. ಆದರೆ ರಾಜ್ಯದಲ್ಲಿಯೇ ಇದಕ್ಕೊಂದು ಮಾದರಿ ಇದೆ. ಜಿಲ್ಲೆಯ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ 'ಮನೋಚೈತನ್ಯ' ಕಾರ್ಯಕ್ರಮವನ್ನು 2014ರಲ್ಲಿ ಆರಂಭಿಸಲಾಯಿತು. ಮನೋವೈದ್ಯರನ್ನು ಪ್ರತಿ ತಾಲ್ಲೂಕಿಗೂ ನೇಮಿಸಲಾಗದಿದ್ದಾಗ ಸರತಿಯಲ್ಲಿ ಕಳುಹಿಸಬಹುದೆಂದು ಅದು ತೋರಿಸಿದೆ. ಥೆರಪಿ ತಂಡವೊಂದು ವಾರದಲ್ಲಿ ಎರಡು ದಿನ ಸಿಂಧನೂರು, ಎರಡು ದಿನ ಲಿಂಗಸುಗೂರು, ಎರಡು ದಿನ ಮಸ್ಕಿಯಲ್ಲಿ ಕುಳಿತರೆ ಮೂರು ತಾಲ್ಲೂಕುಗಳ ಮಕ್ಕಳಿಗೆ ನಿಯಮಿತ ಸೇವೆ ದೊರೆಯುತ್ತದೆ. ಮೂರೂ ಪಟ್ಟಣಗಳು ಒಂದೇ ರಸ್ತೆಯ ಮೇಲಿರುವುದು ಇದಕ್ಕೆ ಅನುಕೂಲವೇ. ಉಳಿದ ದಿನಗಳಲ್ಲಿ ಮನೆಯಲ್ಲಿ ಏನು ಮಾಡಿಸಬೇಕೆಂದು ಪಾಲಕರಿಗೆ ತರಬೇತಿ ನೀಡಬಹುದು. ವಿಶ್ವ ಆರೋಗ್ಯ ಸಂಸ್ಥೆಯೇ ತಜ್ಞರ ಕೊರತೆಯಿರುವ ಪ್ರದೇಶಗಳಿಗಾಗಿ ಪಾಲಕರ ತರಬೇತಿ ಕಾರ್ಯಕ್ರಮ ರೂಪಿಸಿದೆ.

ಹಣದ ಪ್ರಶ್ನೆ? ಸಂವಿಧಾನದ 371(ಜೆ) ವಿಧಿಯ ಅನ್ವಯ ರಚನೆಯಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ರಾಜ್ಯ ಬಜೆಟ್‌ನಲ್ಲಿ 2023-24ರಿಂದ ವರ್ಷಕ್ಕೆ 5,000 ಕೋಟಿ ರೂ. ಘೋಷಿಸುತ್ತ ಬರಲಾಗಿದೆ. ರಸ್ತೆ, ಕಟ್ಟಡಗಳ ನಡುವೆ ತಾಲ್ಲೂಕು ಆಸ್ಪತ್ರೆಯ ಒಂದು ಕೊಠಡಿ ಮತ್ತು ಮೂರ್ನಾಲ್ಕು ತಜ್ಞರ ವೇತನಕ್ಕೆ ಜಾಗವಿಲ್ಲವೆಂದರೆ ನಂಬುವುದು ಕಷ್ಟ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಿನಿಂದ ಹೋರಾಟ ನಡೆಸಿದ ಜಿಲ್ಲೆಯ ಜನ, ದೊಡ್ಡ ಆಸ್ಪತ್ರೆಯ ಜೊತೆಗೆ ಈ ಸಣ್ಣ ಕೊಠಡಿಯ ಬೇಡಿಕೆಯನ್ನೂ ಸೇರಿಸಿಕೊಳ್ಳಬಹುದು.

ಕೇಂದ್ರದ ಮಟ್ಟದಲ್ಲಿ ಆಗಬೇಕಾದ ಕೆಲಸಗಳೂ ಸ್ಪಷ್ಟ. ನಿರಾಮಯದ ಥೆರಪಿ ಮಿತಿಯನ್ನು ವಾಸ್ತವ ವೆಚ್ಚಕ್ಕೆ ಹತ್ತಿರ ತರಬೇಕು. ಬಿಪಿಎಲ್ ಕುಟುಂಬಗಳಿಗೆ ಮರುಪಾವತಿಯ ಬದಲು ನಗದುರಹಿತ ಸೇವೆ ಕೊಡಬೇಕು. ಸಾಮಾನ್ಯ ಪಾಲಿಸಿಗಳಲ್ಲಿ ವೈದ್ಯರು ಬರೆದುಕೊಟ್ಟ ಥೆರಪಿಗೆ ಒಂದು ಕನಿಷ್ಠ ಮಿತಿಯನ್ನಾದರೂ ಐಆರ್‌ಡಿಎಐ ಕಡ್ಡಾಯಗೊಳಿಸಬೇಕು. ಎಲ್ಲಕ್ಕಿಂತ ಮೊದಲು ಮಕ್ಕಳನ್ನು ಎಣಿಸಬೇಕು. 2011ರ ಜನಗಣತಿಯಲ್ಲಿ ಆಟಿಸಂ ಪ್ರತ್ಯೇಕ ವರ್ಗವಾಗಿ ದಾಖಲಾಗಲಿಲ್ಲ. 2027ರ ಜನಗಣತಿಯಲ್ಲಿಯಾದರೂ ಈ ಲೋಪ ಸರಿಯಾಗಬೇಕು. ಸಂಖ್ಯೆ ಇಲ್ಲದ ಸಮಸ್ಯೆಗೆ ಬಜೆಟ್‌ನಲ್ಲಿ ಸಾಲು ಸಿಗುವುದಿಲ್ಲ.

ಇವು ಆಗುವವರೆಗೆ ಪಾಲಕರು ಕೈಕಟ್ಟಿ ಕೂರಬೇಕಿಲ್ಲ. ಅನುಮಾನ ಬಂದ ಕೂಡಲೇ ಅಂಗನವಾಡಿ ಅಥವಾ ತಾಲ್ಲೂಕು ಆಸ್ಪತ್ರೆಯ ಮೂಲಕ ತಪಾಸಣೆ, ಪುನರ್ವಸತಿ ಕಾರ್ಯಕರ್ತರ ನೆರವಿನಿಂದ ಯುಡಿಐಡಿ ಅರ್ಜಿ, ಕಾರ್ಡ್ ಬಂದೊಡನೆ ನಿರಾಮಯ ನೋಂದಣಿ ಮತ್ತು ಮಾಸಾಶನದ ಅರ್ಜಿ, ಪ್ರತಿ ಮಾರ್ಚ್‌ನಲ್ಲಿ ನವೀಕರಣ. ಈ ಕ್ರಮದಲ್ಲಿ ಹೋದರೆ ಸಿಗುವಷ್ಟಾದರೂ ಸಿಗುತ್ತದೆ.

ಸಿಗುವುದು ಸಾಲದು ಎಂಬುದೂ ಅಷ್ಟೇ ನಿಜ. ಐದು ಲಕ್ಷ ರೂ.ವರೆಗೆ ಶಸ್ತ್ರಚಿಕಿತ್ಸೆಯ ಹೊಣೆ ಹೊರಲು ಒಪ್ಪಿರುವ ವ್ಯವಸ್ಥೆ, ಒಂದು ಮಗು 'ಅವ್ವಾ' ಎಂದು ಕರೆಯುವುದನ್ನು ಕಲಿಯಲು ಬೇಕಾದ ವಾರದ ಮೂರು ಗಂಟೆಗಳ ಹೊಣೆಯನ್ನು ಇನ್ನೂ ಹೊತ್ತಿಲ್ಲ. ಆ ಹೊಣೆಯನ್ನು ತಾಲ್ಲೂಕು ಕೇಂದ್ರದಲ್ಲಿ ಯಾರು ಹೊರುತ್ತಾರೆ ಎಂಬುದಕ್ಕೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಜನಪ್ರತಿನಿಧಿಗಳು ಉತ್ತರ ಹೇಳಬೇಕಿದೆ.